ಅತ್ತೆಗೆ ನಾನು ಬರೆದ ವೀಸಾ

ವೀಸಾ ಕಚೇರಿಯ ಮುಂದಿನ ಹೊಂಗೆ ಮರದ ಕೆಳಗೆ ಕೂತು ನಾನು ಅರ್ಜಿ ಬರೆಯುತ್ತೇನೆ. ಹದಿನಾರು ವರ್ಷವಾಯಿತು. ಅಷ್ಟೂ ವರ್ಷದಲ್ಲಿ ನಾನು ಚೆನ್ನಾಗಿ ಕಲಿತದ್ದು ಅನುಮಾನ ಪಡುವುದೊಂದನ್ನೇ. ನಮ್ಮೂರಿನಲ್ಲಿ ವೀಸಾ ಕೈಗೆ ಬಂದ ದಿನವೇ ಸೇತುವೆ ದಾಟಬೇಕು, ಹಾಗಾಗಿ ಅರ್ಜಿ ಬರೆಸಲು ಬರುವವರೆಲ್ಲ ಗಂಟು ಕಟ್ಟಿಕೊಂಡೇ ಬರುತ್ತಾರೆ. "ಎಂಟೇ ವಾರ ಕಣಮ್ಮ, ಕಲಿತು ಬಂದ್‌ಬಿಡ್ತೀನಿ" ಎಂದು ಅವರು ಹೇಳುವಾಗ ನಾನು ಮುಖ ನೋಡುವುದಿಲ್ಲ, ಗಂಟು ನೋಡುತ್ತೇನೆ. ಎಂಟು ವಾರಕ್ಕೆ ಹೋಗುವವರಿಗೆ ಮದುವೆಯ ಫೋಟೋ ಯಾಕೆ? ಚಳಿಗಾಲದ ಕಂಬಳಿ ಯಾಕೆ? ನಾನು ಬಾಯಿ ಬಿಡುವುದಿಲ್ಲ. ಕಾಪಿಯಿಂಗ್ ಪೆನ್ಸಿಲ್ಲಿನ ಮೊನೆಯನ್ನು ನಾಲಿಗೆಗೆ ಒತ್ತಿ ಅವರು ಹೇಳಿದ್ದನ್ನು ಬರೆಯುತ್ತೇನೆ. ಆ ಪೆನ್ಸಿಲ್ಲು ಒದ್ದೆಯಾದರೆ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಅಳಿಸಲು ಬರುವುದಿಲ್ಲ. ನನ್ನ ನಾಲಿಗೆ ಯಾವಾಗಲೂ ನೇರಳೆ ಹಣ್ಣು ತಿಂದವಳ ಹಾಗೆ ಇರುತ್ತದೆ.

ಆಚೆ ದೇಶಕ್ಕೆ ಸ್ವಲ್ಪ ದಿನದ ಓದಿಗೆ ಹೋಗುವವರಿಗೆ ಎರಡು ವೀಸಾಗಳಿವೆ. ಒಂದು ನೋಟದ ವೀಸಾ, ಇನ್ನೊಂದು ಕಲಿಕೆಯ ವೀಸಾ. ನೋಟದ್ದಕ್ಕೆ ತೊಂಬತ್ತು ದಿನ. ಶಾಲೆಯಲ್ಲಿ ಕೂರಬಹುದು, ಯಾರೂ ಬೇಡ ಅನ್ನುವುದಿಲ್ಲ, ಆದರೆ ವಾಪಸು ಬರುವಾಗ ಕಣ್ಣಿಂದ ಕಂಡದ್ದು ಮಾತ್ರ ಜೊತೆಗೆ ಬರುತ್ತದೆ. ಕಿವಿಯಲ್ಲಿ ಕೇಳಿದ್ದು, ಕೈಗೆ ಹತ್ತಿದ್ದು ಎಲ್ಲ ಗೇಟಿನ ಆಚೆಯೇ ಉಳಿಯುತ್ತದೆ. ಕಲಿಕೆಯ ವೀಸಾದಲ್ಲಿ ಹೋದವರು ಕಲಿತದ್ದನ್ನು ತರುತ್ತಾರೆ, ಕಂಡದ್ದನ್ನು ತರುವುದಿಲ್ಲ. ಇನ್ನೊಂದು ವ್ಯತ್ಯಾಸವಿದೆ. ನೋಟದ ವೀಸಾವನ್ನು ಮುಂದುವರಿಸಲು ಬರುವುದಿಲ್ಲ. ತೊಂಬತ್ತನೆಯ ದಿನ ಎಲ್ಲಿದ್ದರೂ ಕಾಲು ತಾನಾಗಿ ಸೇತುವೆಯ ಕಡೆ ತಿರುಗುತ್ತದೆ. ಕಲಿಕೆಯ ವೀಸಾವನ್ನು ಮಾತ್ರ ಅಲ್ಲಿಂದಲೇ ಒಂದು ಕಾಗದ ಬರೆದು ಎಷ್ಟು ಸಲ ಬೇಕಾದರೂ ಮುಂದುವರಿಸಬಹುದು.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಕಲಿಕೆಯ ವೀಸಾದಲ್ಲಿ ಬ್ರೆಡ್ಡು ಮಾಡಲು ಕಲಿತು ಬಂದ ನಮ್ಮ ಬೀದಿಯ ಬಸಲಿಂಗಪ್ಪನನ್ನು ಅಲ್ಲಿ ಮಳೆ ಬರುತ್ತಾ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ, ಆದರೆ ಅವನ ಬ್ರೆಡ್ಡಿಗೆ ಸಾಲು ನಿಲ್ಲುತ್ತದೆ. ಅವನ ತಮ್ಮ ಅವಸರಪಟ್ಟು ನೋಟದ ವೀಸಾದಲ್ಲಿ ಹೋಗಿ ಈಜು ಕಲಿತ. ಬಂದವನೇ ಎಲ್ಲರೂ ನೋಡಲಿ ಎಂದು ಕೆರೆಗೆ ಹಾರಿದ. ನೀಲಿ ನೀರಿನ ಕೊಳ, ಬಿಳಿ ಮೆಟ್ಟಿಲು, ಕೊರಳಿಗೆ ಸೀಟಿ ಹಾಕಿಕೊಂಡ ಮೇಷ್ಟ್ರು ಎಲ್ಲ ಅವನ ಕಣ್ಣಲ್ಲಿತ್ತು. ಈಜು ಇರಲಿಲ್ಲ. ಅವನನ್ನು ಎಮ್ಮೆ ತೊಳೆಯುತ್ತಿದ್ದವರು ಮೇಲಕ್ಕೆಳೆದರು. ಅಂದಿನಿಂದ ನನ್ನ ಮರದ ಕೆಳಗೆ ಬಂದವರು ಮೊದಲು ಕೇಳುವ ಮಾತು, ನನ್ನ ಕೆಲಸಕ್ಕೆ ಯಾವುದು ಸರಿ, ನೋಟವೋ ಕಲಿಕೆಯೋ ಎಂದು. ಸರಿಯಾದದ್ದನ್ನು ಹೇಳುವುದೇ ನನ್ನ ಕೆಲಸ. ಒಬ್ಬರಿಗೆ ಬಿಟ್ಟು ಇನ್ಯಾರಿಗೂ ನಾನು ತಪ್ಪು ಹೇಳಿಲ್ಲ.

ನನ್ನ ಅವ್ವ ಹೋದದ್ದು ಕಲಿಕೆಯ ವೀಸಾದಲ್ಲಿ. ನನಗೆ ಆಗ ಒಂಬತ್ತು ವರ್ಷ. ಎಂಟು ವಾರದ ಹೊಲಿಗೆ ಎಂದು ಹೋದವಳು ಮೂರು ಸಲ ಮುಂದುವರಿಸಿದಳು. ನಾಲ್ಕನೆಯ ಸಲ ನಮಗೆ ತಿಳಿಸುವುದನ್ನೂ ಬಿಟ್ಟಳು. ಅವಳ ಗಂಟಿನಲ್ಲಿ ರೇಷ್ಮೆ ಸೀರೆ ಇದ್ದದ್ದನ್ನು ನಾನು ನೋಡಿದ್ದೆ, ಅದಕ್ಕೆ ಅರ್ಥವಿದೆ ಎಂದು ಆಗ ತಿಳಿಯಲಿಲ್ಲ. ಕರುಣೆ ಬೇಕೆಂದು ಇದನ್ನು ಹೇಳುತ್ತಿಲ್ಲ. ಮುಂದೆ ನಾನು ಮಾಡಿದ್ದು ಯಾಕೆ ಎಂದು ಕೇಳಿದರೆ ನನ್ನ ಹತ್ತಿರ ಇದಿಷ್ಟೇ ಇರುವುದು.

ನನ್ನ ಗಂಡ ಚನ್ನಿಗಪ್ಪ ಊರಿನ ನೀರುಗಂಟಿ. ಬೀದಿ ಬೀದಿಗೆ ನಡೆದು, ವಾಲ್ವ್ ತಿರುಗಿಸಿ ನಲ್ಲಿಗಳಿಗೆ ನೀರು ಬಿಡುವ ಕೆಲಸ. ಏಳು ವರ್ಷದ ಹಿಂದೆ ಒಂದು ಲಾರಿ ಹಿಂದಕ್ಕೆ ಬರುವಾಗ ಅವನ ಎಡಗಾಲು ಮಂಡಿಯ ಕೆಳಗೆ ಹೋಯಿತು. ಕಟ್ಟಿಗೆ ಕಾಲು ಮಾಡಿಕೊಟ್ಟ ಮುದುಕ ತೀರಿಕೊಂಡ. ಚನ್ನಿಗಪ್ಪನ ಮೋಟುಗಾಲು ವರ್ಷದಿಂದ ವರ್ಷಕ್ಕೆ ಸಣ್ಣಗಾಯಿತು, ಆದರೆ ಅದು ಕೂರುವ ಬಟ್ಟಲು ಹಳೆಯದೇ. ಉಜ್ಜಿ ಉಜ್ಜಿ ಹುಣ್ಣಾಯಿತು. ಬಟ್ಟಲು ಹಾಕಬೇಡ ಎಂದರೆ ಕೇಳುವ ಆಸಾಮಿಯಲ್ಲ. "ನೀರು ಯಾರು ಬಿಡ್ತಾರೆ, ನಿಮ್ಮಪ್ಪನಾ?" ಎನ್ನುತ್ತಿದ್ದ. ಆಸ್ಪತ್ರೆಯ ಡಾಕ್ಟರಮ್ಮ ಒಂದು ದಿನ ನಮ್ಮಿಬ್ಬರನ್ನೂ ಅತ್ತೆಯನ್ನೂ ಕೂರಿಸಿಕೊಂಡು ನೇರವಾಗಿ ಹೇಳಿದರು. "ಆರು ತಿಂಗಳು ನೋಡ್ತೀನಿ. ಅಷ್ಟರಲ್ಲಿ ಸರಿಯಾದ ಬಟ್ಟಲು ಸಿಗಲಿಲ್ಲ ಅಂದ್ರೆ ಮಂಡಿ ಮೇಲಿಂದ ತೆಗೀಬೇಕಾಗುತ್ತೆ. ಆಮೇಲೆ ಈ ಬೀದಿ ಸುತ್ತೋ ಕೆಲಸ ಮರೆತುಬಿಡಿ." ಆಚೆ ದೇಶದಲ್ಲಿ ಮಾಡಿಸೋಣ ಎಂದರೆ, ತನ್ನವೇ ಎರಡು ಕಾಲಲ್ಲಿ ಸೇತುವೆ ದಾಟಲಾಗದವರಿಗೆ ವೀಸಾ ಇಲ್ಲ. ಅರ್ಜಿ ಬರೆಯುವವರಿಗಂತೂ ಇಲ್ಲವೇ ಇಲ್ಲ. ಕಚೇರಿಯವರಿಗೂ ನಮ್ಮ ಮೇಲೆ ಅನುಮಾನ.

ಒಂದು ವಾರದ ಮೇಲೆ ಅತ್ತೆ ಪುಟ್ಟತಾಯಮ್ಮ ರೊಟ್ಟಿ ತಟ್ಟುತ್ತಾ ತಣ್ಣಗೆ ಹೇಳಿದರು. "ನಾನು ಹೋಗಿ ಕಲಿತು ಬರ್ತೀನಿ ಕಣೇ ಇಂದ್ರಾಣಿ. ಬಟ್ಟಲು ಮಾಡೋದನ್ನ ಹೇಳಿಕೊಡ್ತಾರಂತೆ. ಎಪ್ಪತ್ತೇಳು ದಿನ. ಅಕ್ಷರ ಬರದೆ ಇದ್ರೂ ನಡೆಯುತ್ತಂತೆ, ಕಾಗದ ಬಂದಿದೆ."

"ಯಾವ ಕಾಗದ? ಯಾರು ಓದಿದ್ರು?" ಎಂದೆ.

"ಆಸ್ಪತ್ರೆ ನರ್ಸಮ್ಮ ಓದಿದ್ಲು."

ಅಲ್ಲಿಂದ ಶುರುವಾಯಿತು ನನಗೆ. ಊರಿಗೆಲ್ಲ ಕಾಗದ ಓದಿ ಹೇಳುವವಳು ನಾನು ಮನೆಯಲ್ಲೇ ಇರುವಾಗ ಅದನ್ನು ನರ್ಸಿನ ಹತ್ತಿರ ಯಾಕೆ ಓದಿಸಬೇಕು? ನನಗೆ ಗೊತ್ತಾಗಬಾರದ್ದು ಅದರಲ್ಲಿ ಏನಿತ್ತು? ಅರವತ್ತೆರಡು ವರ್ಷದ ಹೆಂಗಸು, ಸಂತೆಯ ಆಚೆಗೆ ಹೋಗದವರು, ಈಗ ಗಡಿ ದಾಟುತ್ತಾರಂತೆ. ಆಮೇಲೆ ಅತ್ತೆ ಒಂದೊಂದನ್ನೇ ನನಗೆ ಒಪ್ಪಿಸಲು ಹೊರಟರು. ಉಪ್ಪಿನಕಾಯಿ ಜಾಡಿ ಯಾವುದು ಮೊದಲು ತೆಗೆಯಬೇಕು, ಹುಣ್ಣನ್ನು ಯಾವ ಹದದ ಬಿಸಿನೀರಲ್ಲಿ ತೊಳೆಯಬೇಕು, ಮಗನಿಗೆ ಸಿಟ್ಟು ಬಂದಾಗ ಎಷ್ಟು ಹೊತ್ತು ಮಾತಾಡಿಸಬಾರದು. ಎಪ್ಪತ್ತೇಳು ದಿನಕ್ಕೆ ಇಷ್ಟೆಲ್ಲ ಯಾಕೆ? ನನ್ನ ಕಿವಿಗೆ ಹೂ ಇಡುತ್ತಿದ್ದಾರೆ ಎಂದೇ ಅಂದುಕೊಂಡೆ. ಆರು ವರ್ಷ ಮಗನ ನೋವು ನೋಡಿ ಬೇಸತ್ತು, ಅವನನ್ನೂ ಅವನ ಹುಣ್ಣನ್ನೂ ನನ್ನ ತಲೆಗೆ ಕಟ್ಟಿ ಹೊರಟಿದ್ದಾರೆ ಅನ್ನಿಸಿತು. ನಿಜ ಹೇಳಬೇಕೆಂದರೆ ನನಗೆ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಮನೆಯಿಂದ ಇನ್ನೊಬ್ಬ ಹೆಂಗಸು ಸೇತುವೆ ದಾಟಿ ಹೋಗಿ ಬರದೇ ಇದ್ದರೆ ನಾನು ತಡೆದುಕೊಳ್ಳುತ್ತಿರಲಿಲ್ಲ.

ಚನ್ನಿಗಪ್ಪನಿಗೆ ಹೇಳಿದೆ. ಅವನು ನಕ್ಕ. "ನಮ್ಮಮ್ಮ ಎಲ್ಲಿಗೆ ಓಡ್ತಾಳೆ? ನಿನಗೆ ಆ ಮರದ ಕೆಳಗೆ ಕೂತು ಕೂತು ತಲೆ ಕೆಟ್ಟಿದೆ" ಎಂದ. ಇರಬಹುದು. ಆದರೆ ನನ್ನಪ್ಪನೂ ಹೀಗೇ ನಕ್ಕಿದ್ದ.

ಹೊರಡುವ ದಿನ ಅತ್ತೆ ಗಂಟು ಹಿಡಿದು ನನ್ನ ಮರದ ಕೆಳಗೆ ಬಂದು, ಬೇರೆಯವರ ಹಾಗೆಯೇ ಸಾಲಿನಲ್ಲಿ ನಿಂತರು. ಅವರ ಸರದಿ ಬಂತು. ಹೆಸರು ಬರೆದೆ, ವಯಸ್ಸು ಬರೆದೆ, ಗುರುತಿನ ಮಚ್ಚೆ ಬರೆದೆ. ಯಾವ ವೀಸಾ ಎಂಬ ಕಡೆ ಕೈ ನಿಂತಿತು. ಆಗ ಗಂಟಿನ ಮೂಲೆಯಲ್ಲಿ ಕೆಂಪು ಅಂಚು ಇಣುಕಿದ್ದು ಕಂಡಿತು. ರೇಷ್ಮೆ ಸೀರೆ. ಅವರ ಹತ್ತಿರ ಇದ್ದದ್ದು ಅದೊಂದೇ. ಬಟ್ಟಲು ಮಾಡಲು ಕಲಿಯುವುದಕ್ಕೆ ರೇಷ್ಮೆ ಸೀರೆ ಯಾರು ಉಡುತ್ತಾರೆ?

"ಕಲಿಕೇದು ತಾನೇ ಬರೀತಿರೋದು?" ಎಂದರು ಅತ್ತೆ.

"ಹೂಂ ಅತ್ತೆ" ಎಂದೆ. ಪೆನ್ಸಿಲ್ಲಿನ ಮೊನೆ ನಾಲಿಗೆಗೆ ಒತ್ತಿ 'ನೋಟ' ಎಂದು ಬರೆದೆ. ಏನೂ ಕಲಿಯದೆ ಬಂದರೂ ಪರವಾಗಿಲ್ಲ, ಬರಲಿ, ಅಷ್ಟು ಸಾಕು ಎಂದುಕೊಂಡೆ. ಚನ್ನಿಗಪ್ಪನ ಕಾಲಿನ ನೆನಪು ಆಗ ನನಗಿರಲಿಲ್ಲ ಎಂದರೆ ಸುಳ್ಳು. ಇತ್ತು. ಇದ್ದೂ ಬರೆದೆ.

ಗೇಟಿನ ಕಾವಲಿನ ತಿಮ್ಮರಾಯ ಪ್ರತಿಯೊಬ್ಬರ ವೀಸಾದ ಜಾತಿಯನ್ನು ಗಟ್ಟಿಯಾಗಿ ಕೂಗಿಯೇ ಬಿಡುವುದು, ಅದು ಪದ್ಧತಿ. ಅದನ್ನು ನಾನು ಮರೆತೇ ಬಿಟ್ಟಿದ್ದೆ. ದಿನಾ ಕೇಳುವ ಕೂಗು, ಕಿವಿಗೆ ಬೀಳುವುದೇ ಇಲ್ಲ. ಅತ್ತೆಯ ಕಾಗದ ಹಿಡಿದು ಅವನು "ನೋಟ" ಎಂದು ಕೂಗಿದಾಗಲೇ ನನಗೆ ನೆನಪಾದದ್ದು. ಅತ್ತೆ ತಿರುಗಿ ನನ್ನನ್ನು ನೋಡಿದರು. ತುಂಬ ಹೊತ್ತು ನೋಡಿದರು. ನಾನು ಬಗ್ಗಿ ಮುಂದಿನವರ ಅರ್ಜಿಯಲ್ಲಿ ಮುಖ ಹುದುಗಿಸಿದೆ. ತಲೆ ಎತ್ತಿದಾಗ ಅವರು ಸೇತುವೆಯ ಮೇಲಿದ್ದರು. ಕೇಳಿಸಿತೋ ಇಲ್ಲವೋ, ಕೇಳಿಸಿದರೂ ಅರ್ಥವಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಎಪ್ಪತ್ತೇಳು ದಿನ ಅದೇ ಯೋಚನೆ. ಹುಣ್ಣು ತೊಳೆಯುವಾಗ, ಅದರ ಬಟ್ಟೆ ಬದಲಿಸುವಾಗ, ಅರ್ಜಿ ಬರೆಯುವಾಗ ಅದೇ. ಹುಣ್ಣು ಅಗಲವಾಗುತ್ತಿತ್ತು. ಚನ್ನಿಗಪ್ಪ ಹಲ್ಲು ಕಚ್ಚಿಕೊಂಡು, "ಅಮ್ಮ ಬರಲಿ ಬಿಡು, ಎಲ್ಲ ಸರಿಹೋಗುತ್ತೆ" ಎನ್ನುತ್ತಿದ್ದ. ಹೇಳಿಬಿಡೋಣ ಎಂದು ಬಾಯಿ ತೆರೆಯುತ್ತಿದ್ದೆ, ಮತ್ತೆ ಮುಚ್ಚುತ್ತಿದ್ದೆ. ಅತ್ತೆ ಖಾಲಿ ಕೈಯಲ್ಲಿ ಬಂದಾಗ ಯಾರ ಮೇಲೆ ತಪ್ಪು ಹೊರಿಸುವುದು ಎಂದೂ ಯೋಚಿಸಿದೆ. ಕಚೇರಿಯವರ ಮೇಲೆ ಹೊರಿಸಬಹುದಿತ್ತು. ಜನ ನಂಬುತ್ತಿದ್ದರು.

ಎಪ್ಪತ್ತೆಂಟನೆಯ ದಿನ ಬೆಳಿಗ್ಗೆ, ಕಾಲು ತಾನಾಗಿ ತಿರುಗಲು ಇನ್ನೂ ಹನ್ನೆರಡು ದಿನ ಇರುವಾಗಲೇ, ಅತ್ತೆ ಸೇತುವೆ ದಾಟಿ ಬಂದರು. ಸೊರಗಿದ್ದರು. ಕಣ್ಣು ಮಾತ್ರ ಕೆಂಪಗೆ ಉರಿಯುತ್ತಿತ್ತು. ನಾನು ಓಡಿ ಹೋಗಿ ಗಂಟು ತೆಗೆದುಕೊಂಡೆ. ರೇಷ್ಮೆ ಸೀರೆಯ ಒಳಗೆ ಗಟ್ಟಿಯಾದದ್ದು ಏನೋ ಇತ್ತು. ಮನೆಗೆ ಬಂದು ಬಿಚ್ಚಿದೆ. ಚನ್ನಿಗಪ್ಪ ಮೊದಲ ವರ್ಷ ಹಾಕುತ್ತಿದ್ದು ಒಡೆದುಹೋಗಿದ್ದ ಹಳೆಯ ಬಟ್ಟಲು. ಅಲ್ಲಿಯ ಮೇಷ್ಟ್ರಿಗೆ ತೋರಿಸಲು, ದಾರಿಯಲ್ಲಿ ಇನ್ನಷ್ಟು ಒಡೆಯಬಾರದೆಂದು, ಮನೆಯಲ್ಲಿದ್ದ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದರು. ನಾನು ಸೀರೆ ಮಡಿಸಿ ಪೆಟ್ಟಿಗೆಗೆ ಹಾಕಿದೆ.

ಅತ್ತೆ ಮಗನ ಎದುರು ಕೂತು, ಆಸ್ಪತ್ರೆಯಿಂದ ತಂದಿಟ್ಟಿದ್ದ ಪ್ಲಾಸ್ಟರ್ ಪಟ್ಟಿ ಕೈಗೆ ತೆಗೆದುಕೊಂಡರು. ಕೈ ಸುಮ್ಮನೆ ನಿಂತಿತು. ಹಿಂದೆ ಮುಂದೆ ತಿರುಗಿಸಿದರು. ರೊಟ್ಟಿ ತಟ್ಟುವ ಕೈ, ಅದಕ್ಕೆ ಅದಷ್ಟೇ ಗೊತ್ತಿತ್ತು. ಚನ್ನಿಗಪ್ಪನ ಮುಖ ಕಪ್ಪಿಟ್ಟಿತು. "ಮರೆತು ಹೋಯ್ತಾ ಅಮ್ಮ?" ಎಂದ, ಮಗುವಿನ ದನಿಯಲ್ಲಿ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತೆ ಪಟ್ಟಿಯನ್ನು ನನ್ನ ಮಡಿಲಿಗೆ ಹಾಕಿದರು. "ನನ್ನ ಕೈಲಿ ಆಗಲ್ಲ. ನೀನು ಕೂತ್ಕೊ. ನಾನು ಹೇಳ್ತೀನಿ, ನೀನು ಮಾಡು. ಮೊದಲು ನಿನ್ನ ಪೆನ್ಸಿಲ್ಲು ತಗೊಂಬಾ."

"ಪೆನ್ಸಿಲ್ಲು ಯಾಕತ್ತೆ?"

"ಅವರೂ ಅದರಲ್ಲೇ ಗುರುತು ಮಾಡ್ತಿದ್ರು. ಮೂಳೆ ಎಲ್ಲೆಲ್ಲಿ ಉಬ್ಬಿದೆ ಅಲ್ಲೆಲ್ಲ ಒಂದೊಂದು ಸುತ್ತು. ಒದ್ದೆ ಪಟ್ಟಿ ಸುತ್ತಿದಾಗ ಆ ಬಣ್ಣ ಪಟ್ಟಿಯ ಒಳಗಡೆಗೆ ಅಂಟಿಕೊಳ್ಳುತ್ತೆ. ಆಮೇಲೆ ಅದರೊಳಗೆ ಪ್ಲಾಸ್ಟರ್ ಹುಯ್ದು ಅಚ್ಚು ತೆಗೆದ್ರೆ, ಅದರ ಮೇಲೂ ಬರುತ್ತೆ."

'ನೋಟ' ಎಂದು ಬರೆದ ಅದೇ ಪೆನ್ಸಿಲ್ಲನ್ನು ನಾಲಿಗೆಗೆ ಒತ್ತಿ ನನ್ನ ಗಂಡನ ಮೋಟುಗಾಲಿನ ಮೇಲೆ ಸುತ್ತು ಎಳೆದೆ. ಅತ್ತೆ ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದರು. ಅಲ್ಲಿಯವರು ಆಡಿದ ಒಂದು ಮಾತೂ ಅವರಿಗೆ ನೆನಪಿರಲಿಲ್ಲ, ಬಾಯಿ ಅಲ್ಲಾಡುತ್ತಿದ್ದುದು ಮಾತ್ರ ಕಾಣುತ್ತಿತ್ತಂತೆ. ಪ್ಲಾಸ್ಟರ್ ಎಷ್ಟು ಗಟ್ಟಿ ಇರಬೇಕು ಎಂದು ಕೇಳಿದರೆ, "ಬೆರಳು ಅದ್ದಿ ತೆಗೆದಾಗ ಉಗುರು ಕಾಣ್ತಿರಲಿಲ್ಲ" ಎಂದರು. ಅಚ್ಚಿನ ಮೇಲೆ ಎಲ್ಲಿ ಉಜ್ಜಬೇಕು ಎಂದರೆ, "ಮಂಡಿ ಚಿಪ್ಪಿನ ಕೆಳಗೆ, ಹೆಬ್ಬೆರಳು ಕೂರುವಷ್ಟು ಗುಳಿ. ಸುತ್ತು ಇರೋ ಕಡೆ ಉಜ್ಜಬೇಡ, ಅಲ್ಲಿ ಇನ್ನಷ್ಟು ಮೆತ್ತು, ಮೂಳೆಗೆ ಜಾಗ ಬೇಕು" ಎಂದರು. ಪಟ್ಟಿ ಸುತ್ತಿ ಎಷ್ಟು ಬಲವಾಗಿ ಒತ್ತಬೇಕು ಎಂದು ಕೇಳಿದೆ. ಅದನ್ನು ನೋಡಿ ಹೇಳಲು ಹೇಗೆ ಸಾಧ್ಯ ಎಂದು ನನಗೇ ಅನ್ನಿಸಿತ್ತು.

"ಉಗುರಿನ ತುದಿ ಬೆಳ್ಳಗಾಗೋವರೆಗೆ" ಎಂದರು ಅತ್ತೆ. "ಅವರ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದೀನಿ. ನಾನು ಹೀಗೆ ಕೈ ಹಿಡಿದ್ರೆ ಅಲ್ಲಿನ ಹುಡುಗೀರೆಲ್ಲ ನಗ್ತಿದ್ರು. ಹಲ್ಲು ಕಾಣ್ತಿತ್ತು."

ಆಗ ನನಗೆ ಹೊಳೆಯಿತು. ಉಗುರಿನ ಬಣ್ಣ ಯಾರು ನೋಡುತ್ತಾರೆ? ಕಂಡದ್ದು ಮಾತ್ರ ಉಳಿಯುತ್ತದೆ ಎಂದು ಗೊತ್ತಿದ್ದವರು ನೋಡುತ್ತಾರೆ. ಒದ್ದೆ ಪಟ್ಟಿ ಒತ್ತಿಕೊಂಡೇ ಅತ್ತೆಯ ಕಡೆ ತಿರುಗಿದೆ. "ಅತ್ತೆ, ನೋಟ ಅಂತ ಬರೆದವಳು ನಾನೇ. ಕಚೇರಿಯವರಲ್ಲ. ಬೇಕು ಅಂತಲೇ ಬರೆದೆ" ಎಂದೆ. ಅಳು ಬಂತು. ಚನ್ನಿಗಪ್ಪ ನನ್ನನ್ನೇ ನೋಡುತ್ತಿದ್ದ.

"ಗೊತ್ತು" ಎಂದರು ಅತ್ತೆ. "ಕೈ ಅಲ್ಲಾಡಿಸ್ಬೇಡ, ಗಟ್ಟಿ ಆಗೋ ಹೊತ್ತು."

ಪಟ್ಟಿ ಗಟ್ಟಿಯಾದ ಮೇಲೆ ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟೆ. ಆಮೇಲೆ ನಾನೇ ಕೇಳಿದೆ, ಗೇಟಿನಲ್ಲಿ ಕೇಳಿಸಿತಲ್ಲ, ವಾಪಸು ಬಂದು ನನಗೆ ಎರಡೇಟು ಹಾಕಿ ಬೇರೆ ಬರೆಸಬಹುದಿತ್ತಲ್ಲ ಎಂದು. "ಒಂದು ವರ್ಷಕ್ಕೆ ಒಂದೇ ಸಲ ಸೇರಿಸ್ಕೊಳ್ಳೋದು ಆ ಶಾಲೆಯವರು. ಒಂದು ಸಲ ಕೊಟ್ಟ ವೀಸಾನ ಬದಲಾಯಿಸೋಕೆ ತಿಂಗಳು ಕಾಯ್ಬೇಕಿತ್ತು. ಇವನ ಕಾಲು ಕಾಯುತ್ತಾ?" ಎಂದರು. ಬಿದ್ದ ಪಟ್ಟಿಯ ಚೂರು ಆಯುತ್ತಾ, "ನಂಗೆ ನಿನ್ನ ಮೇಲೆ ಸಿಟ್ಟು ಬಂದಿತ್ತು ಕಣೇ. ಸೇತುವೆ ಉದ್ದಕ್ಕೂ ಬೈಕೊಂಡೇ ಹೋದೆ. ಆಮೇಲೆ ನಿಮ್ಮವ್ವನ ನೆನಪಾಯ್ತು" ಎಂದರು.

ಆ ಕಾಗದವನ್ನು ನರ್ಸಿನ ಹತ್ತಿರ ಯಾಕೆ ಓದಿಸಿದಿರಿ ಎಂದು ಕೊನೆಗೂ ಕೇಳಿಬಿಟ್ಟೆ. ಕೇಳದೆ ಇರಲಾರೆ, ನನ್ನ ಹಣೆಬರಹ. "ಅದು ಆಸ್ಪತ್ರೆ ವಿಳಾಸಕ್ಕೆ ಬಂದಿತ್ತು. ಅವಳೇ ಒಡೆದು ಓದಿದ್ಲು. ಇಷ್ಟೇನಾ ನಿನ್ನ ಅನುಮಾನ?" ಎಂದರು. ಇಷ್ಟೇ ಆಗಿತ್ತು.

ಆ ಅಚ್ಚಿನ ಮೇಲೆ ಕಟ್ಟಿದ ಮೊದಲ ಬಟ್ಟಲು ಸೊಟ್ಟಗಾಯಿತು. ಎರಡನೆಯದು ಚನ್ನಿಗಪ್ಪನ ಮೂಳೆಗೆ ಒತ್ತಿತು, ನಾನು ಒಂದು ಸುತ್ತಿನ ಮೇಲೆ ಮೆತ್ತುವುದನ್ನು ಮರೆತಿದ್ದೆ. ಅವನು ನೋವಿಗೆ ಕೂಗಾಡಿ, ನನ್ನನ್ನು ಹತ್ತು ದಿನ ಮಾತಾಡಿಸಲಿಲ್ಲ. ಅದು ಬಟ್ಟಲಿಗಲ್ಲ, ವೀಸಾಕ್ಕೆ ಎಂದು ನನಗೆ ಗೊತ್ತಿತ್ತು. ಹನ್ನೊಂದನೆಯ ದಿನ ತಾನಾಗಿ ಬಂದು ಕಾಲು ಚಾಚಿ, "ಹೂಂ, ಗುರುತು ಹಾಕು" ಎಂದ. ಮೂರನೆಯದರಲ್ಲಿ ಅವನು ಎದ್ದು ನಿಂತ, ಬಾಗಿಲವರೆಗೆ ನಡೆದ, ಬೀದಿಗಿಳಿದ. ಒಂದು ತಿಂಗಳಲ್ಲಿ ಹುಣ್ಣು ಒಣಗಿತು. ಡಾಕ್ಟರಮ್ಮ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಯಾರು ಮಾಡಿದ್ದು ಎಂದು ಕೇಳಿದರು. ನಾನು ಅತ್ತೆಯ ಕಡೆ ತೋರಿಸಿದೆ, ಅತ್ತೆ ನನ್ನ ಕಡೆ ತೋರಿಸಿದರು.

ಮರುವರ್ಷ ಅತ್ತೆ ಮತ್ತೆ ಗಂಟು ಹಿಡಿದು ನನ್ನ ಮರದ ಕೆಳಗೆ ಸಾಲಿನಲ್ಲಿ ನಿಂತರು. "ಈ ಸಲ ಏನು ಕಲಿಯೋಕೆ?" ಎಂದೆ.

"ಏನೂ ಇಲ್ಲ. ಆ ಊರು ಹೇಗಿದೆ ಅಂತ ಬೀದಿಯವರೆಲ್ಲ ಕೇಳ್ತಾರೆ. ನಂಗೇನು ಗೊತ್ತು? ನೋಟದ ವೀಸಾದಲ್ಲಿ ಹೋಗಿ ಎಪ್ಪತ್ತೇಳು ದಿನ ಬರೀ ಕೈ ನೋಡಿದ್ದೇ ಆಯ್ತು. ಕಣ್ಣು ಎತ್ತಿದ್ರೆ ಒಂದು ಬೆರಳು ತಪ್ಪುತ್ತೇನೋ ಅಂತ ಭಯ."

ನಾನು ಪೆನ್ಸಿಲ್ಲು ಹಿಡಿದು ಕೂತೆ. ಹದಿನಾರು ವರ್ಷದಲ್ಲಿ ಯಾರಿಗೂ ನಾನಾಗಿ ಹೇಳದ ಮಾತು ಬಾಯಿಂದ ಬಂತು. "ಕಲಿಕೆ ಅಂತ ಬರೀತೀನಿ ಅತ್ತೆ. ಏನಾದ್ರೂ ಇಷ್ಟ ಬಂದಿದ್ದು ಕಲೀರಿ. ಬೇಕು ಅನ್ನಿಸಿದ್ರೆ ಅಲ್ಲಿಂದಲೇ ಮುಂದುವರಿಸ್ಬಹುದು."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾಕೇ, ನನ್ನ ಸಾಗಹಾಕ್ಬೇಕು ಅಂತಿದೀಯಾ?"

ಸಾಲಿನಲ್ಲಿ ನಿಂತವರು ನಕ್ಕರು. ನಾನೂ ನಕ್ಕೆ. 'ನೋಟ' ಎಂದೇ ಬರೆದೆ. ಚನ್ನಿಗಪ್ಪ ವಾಲ್ವಿನ ಕೀಲಿ ಹೆಗಲ ಮೇಲಿಟ್ಟುಕೊಂಡು ಗೇಟಿನವರೆಗೆ ಅಮ್ಮನ ಜೊತೆ ನಡೆದ. ತಿಮ್ಮರಾಯ ಕೂಗಿದ. ಈ ಸಲ ಅತ್ತೆ ಹಿಂದಕ್ಕೆ ತಿರುಗಲಿಲ್ಲ. ಸೇತುವೆಯ ನಡುವೆ ನಿಂತು ಕಟಕಟೆ ಹಿಡಿದು ಕೆಳಗೆ ಬಗ್ಗಿ ನೋಡಿದರು. ಹೋದ ಸಲ ಅಲ್ಲಿ ಹೊಳೆ ಇದೆ ಎಂಬುದನ್ನೇ ಅವರು ಗಮನಿಸಿರಲಿಕ್ಕಿಲ್ಲ.

ಅತ್ತೆ ಹೋಗಿ ಇವತ್ತಿಗೆ ನಲವತ್ತೊಂದು ದಿನ. ನಾನು ಎಣಿಸುತ್ತಿದ್ದೇನೆ, ಈ ಚಾಳಿ ಬಿಡುವಂಥದ್ದಲ್ಲ. ಗಂಟಿನಲ್ಲಿ ಎರಡು ಸೀರೆ, ಒಂದು ಡಬ್ಬಿ ಚಟ್ನಿಪುಡಿ ಬಿಟ್ಟರೆ ಏನೂ ಇರಲಿಲ್ಲ, ಬಿಚ್ಚಿ ನೋಡಿದ್ದೇನೆ. ಬರುತ್ತಾರೆ. ಅವರಿಲ್ಲದೆ ಮನೆಯಲ್ಲಿ ನನಗೆ ಹೊತ್ತು ಹೋಗುತ್ತಿಲ್ಲ, ಅದಕ್ಕೆ ಎಣಿಸುತ್ತಿದ್ದೇನೆ.